ಮನೆ ಕೈತೋಟದ ಗಿಡಗಳ ಆರೈಕೆ: ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳು ಮನೆ ಮುಂದಿನ ಪಾತಿ, ಹಿತ್ತಲು, ತಾರಸಿ ಮೇಲಿನ ಕುಂಡಗಳಿಗೆ ಮಾತ್ರ. ಹೊಲದ ಲೆಕ್ಕ ಬೇರೆ. ವಿಡಿಯೊಗಳಲ್ಲಿ ಸಿಗುವ ಸಲಹೆಗಳು ಹೆಚ್ಚಾಗಿ ಬೆಂಗಳೂರಿನ ಕೆಂಪು ಮಣ್ಣಿಗೋ ಕರಾವಳಿಯ ಮಳೆಗೋ ಹೊಂದುವಂಥವು. ಎರಿ (ಕಪ್ಪು) ಮಣ್ಣು, ಸವಳು (ಉಪ್ಪು) ಬೋರ್ ನೀರು, ಏಪ್ರಿಲ್ ಬಿಸಿಲು ಇರುವ ಕಡೆ ಅವನ್ನು ಹಾಗೇ ಪಾಲಿಸಿದರೆ ಗಿಡ ಕೈಕೊಡುತ್ತದೆ.

ಗಿಡದ ಎಲೆ ಹಳದಿ ಆಗಿದೆ. ಯಾವ ಔಷಧ ಹೊಡೆಯಬೇಕು?

ಮೊದಲು ಯಾವುದನ್ನೂ ಹೊಡೆಯಬೇಡಿ. ಹಳದಿಯಾಗಿರುವುದು ಹೊಸ ಎಲೆಯೋ ಹಳೆಯದೋ ನೋಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ತುದಿಯ ಚಿಗುರೆಲೆ ಹಳದಿ ಅಥವಾ ಬೆಳ್ಳಗಾಗಿ ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ನಮ್ಮ ಕಡೆ ದಾಸವಾಳ, ಗುಲಾಬಿ, ಲಿಂಬಿ ಗಿಡಗಳಲ್ಲಿ ಅತಿ ಹೆಚ್ಚು ಕಾಣುವುದು ಇದೇ. ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಇದೆ. ಆದರೆ ಎರಿ ಮಣ್ಣಿನಲ್ಲಿ ಸುಣ್ಣದ ಅಂಶ ಹೆಚ್ಚು, ರಸಸಾರ (ಪಿಎಚ್) ಸಾಮಾನ್ಯವಾಗಿ 7.5ರಿಂದ 8.5ರ ಆಸುಪಾಸು. ಅಂಥ ಮಣ್ಣಿನಲ್ಲಿ ಕಬ್ಬಿಣ ಬೇರಿಗೆ ಸಿಗದ ರೂಪಕ್ಕೆ ತಿರುಗುತ್ತದೆ. ಅದಕ್ಕೇ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಬುಡಕ್ಕೆ ಸುರಿದರೆ ಉಪಯೋಗ ಕಡಿಮೆ; ಒಂದೆರಡು ದಿನದಲ್ಲಿ ಅದೂ ಮಣ್ಣಿನಲ್ಲಿ ಸಿಕ್ಕಿಬೀಳುತ್ತದೆ. 1 ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ, ಆಗಲೇ, ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. 10 ದಿನ ಬಿಟ್ಟು ಇನ್ನೊಮ್ಮೆ. ದ್ರಾವಣ ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಚೆಲ್ಲಿಬಿಡಿ. ಬುಡಕ್ಕೇ ಕೊಡಬೇಕೆಂದರೆ ಇಡಿಡಿಎಚ್‌ಎ ರೂಪದ ಚಿಲೇಟೆಡ್ ಕಬ್ಬಿಣ (ಮಣ್ಣಿನಲ್ಲಿ ಸಿಕ್ಕಿಬೀಳದಂತೆ ಬೇರೊಂದು ವಸ್ತುವಿನಲ್ಲಿ ಹಿಡಿದಿಟ್ಟದ್ದು) ಕೇಳಿ ತನ್ನಿ. 12 ಇಂಚಿನ ಕುಂಡಕ್ಕೆ 1ರಿಂದ 2 ಗ್ರಾಂ ನೀರಿನಲ್ಲಿ ಕರಗಿಸಿ ಹಾಕಿದರೆ ಸಾಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಇಡಿಟಿಎ ರೂಪದ್ದು ನಮ್ಮ ಮಣ್ಣಿನಲ್ಲಿ ನಿಲ್ಲುವುದಿಲ್ಲ, ಅದನ್ನು ಎಲೆಗೆ ಸಿಂಪಡಿಸಲು ಇಟ್ಟುಕೊಳ್ಳಿ.

ಕೆಳಗಿನ ಹಳೆಯ ಎಲೆ ಪೂರ್ತಿ ಹಳದಿಯಾಗಿ ಉದುರುತ್ತಿದ್ದರೆ, ಗಿಡವೂ ಸೊರಗಿದ್ದರೆ, ಸಾರಜನಕದ ಕೊರತೆ. ಗೊಬ್ಬರ ಕೊಡಿ. ಹಳೆಯ ಎಲೆಯಲ್ಲೇ ನರ ಹಸಿರು, ನಡುವೆ ಹಳದಿ ಎಂದಾದರೆ ಮೆಗ್ನೀಶಿಯಂ. 1 ಲೀಟರಿಗೆ 5 ಗ್ರಾಂ ಎಪ್ಸಮ್ ಉಪ್ಪು ಸಿಂಪಡಿಸಿ.

ಮೇಲೆ ಕೆಳಗೆ ಎನ್ನದೆ ಎಲ್ಲ ಎಲೆಯೂ ಒಮ್ಮೆಲೇ ಹಳದಿಯಾಗಿ ಜೋತುಬಿದ್ದಿದ್ದರೆ, ಮಣ್ಣು ಹಸಿಯಿದ್ದರೂ ಗಿಡ ಬಾಡಿದ್ದರೆ, ಬೇರು ಕೊಳೆಯುತ್ತಿದೆ. ಮಣ್ಣು ಬಗೆದು ಮೂಸಿ ನೋಡಿ. ಚರಂಡಿ ವಾಸನೆ ಬಂದರೆ ಅದಕ್ಕೆ ಔಷಧವಿಲ್ಲ, ನೀರು ನಿಲ್ಲಿಸುವುದೇ ಮದ್ದು.

ನಮ್ಮದು ಎರಿ ಮಣ್ಣು. ಗುಲಾಬಿ, ಮಲ್ಲಿಗಿ ಬರ್ತಾವೋ ಇಲ್ಲೋ?

ಬರುತ್ತವೆ. ಎರಿ ಮಣ್ಣಿನಲ್ಲಿ ಸಾರಕ್ಕೆ ಕೊರತೆಯಿಲ್ಲ. ತೊಂದರೆ ಗಾಳಿಯದ್ದು. ಈ ಜಿಗುಟು ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಮಳೆಗಾಲದಲ್ಲಿ ಬೇರಿಗೆ ಉಸಿರಾಡಲು ಜಾಗವಿಲ್ಲ. ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಎಳೆ ಬೇರು ಹರಿದುಹೋಗುತ್ತವೆ.

ನೆಡುವ ಜಾಗದಲ್ಲಿ 1 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆದು ನೀರು ತುಂಬಿ, ಇಂಗಲು ಬಿಡಿ. ಎರಡನೇ ಸಲ ತುಂಬಿ ಗಂಟೆಗೆ ಎಷ್ಟು ಇಳಿಯುತ್ತದೆಂದು ಅಳೆಯಿರಿ. 2.5 ಸೆಂ.ಮೀ.ಗಿಂತ ಹೆಚ್ಚು ಇಳಿದರೆ ಅಡ್ಡಿಯಿಲ್ಲ. ಗಂಟೆಗೆ 1 ಸೆಂ.ಮೀ. ಕೂಡ ಇಳಿಯದಿದ್ದರೆ ಅಲ್ಲಿ ಗುಂಡಿ ತೋಡಿ ನೆಡಬೇಡಿ, ಮಡಿಯೇರಿಸಿ ನೆಡಿ.

ಇಲ್ಲಿ ಬಹಳ ಜನ ಮಾಡುವ ಕೆಲಸ ಒಂದಿದೆ. ಎರಿ ನೆಲದಲ್ಲಿ ಎರಡಡಿ ಗುಂಡಿ ತೆಗೆದು, ಎಲ್ಲಿಂದಲೋ ತಂದ ಮಸಾರಿ (ಕೆಂಪು) ಮಣ್ಣು, ಗೊಬ್ಬರ ತುಂಬಿ ಗಿಡ ನೆಡುತ್ತಾರೆ. ಮೊದಲ ವರ್ಷ ಚೆನ್ನಾಗಿಯೇ ಬರುತ್ತದೆ. ಆದರೆ ಸುತ್ತ ನೀರು ಬಿಡದ ಎರಿ, ನಡುವೆ ಸಡಿಲ ಮಣ್ಣು. ಮಳೆ ನೀರೆಲ್ಲ ಗುಂಡಿಗೇ ಇಳಿದು ತೊಟ್ಟಿಯ ಹಾಗೆ ನಿಲ್ಲುತ್ತದೆ. ಆಶ್ಲೇಷಾ, ಮಘಾ ಮಳೆ ಜಿಟಿಜಿಟಿ ಹಿಡಿದಾಗ ಗಿಡ ನಿಂತಲ್ಲೇ ಕೊಳೆಯುತ್ತದೆ. ಆದ್ದರಿಂದ ಗುಂಡಿಗೆ ತೆಗೆದ ಮಣ್ಣನ್ನೇ ಮೂರು ಪಾಲು, ಕಳಿತ ತಿಪ್ಪೆಗೊಬ್ಬರ ಒಂದು ಪಾಲು ಬೆರೆಸಿ ಮರಳಿ ತುಂಬಿ. ನೆಲಮಟ್ಟಕ್ಕಿಂತ 20ರಿಂದ 30 ಸೆಂ.ಮೀ. ದಿಬ್ಬ ಮಾಡಿ ಅದರ ಮೇಲೆ ಗಿಡ ಇರಲಿ. ದಿಬ್ಬದ ಅಗಲ ಕನಿಷ್ಠ 3 ಅಡಿ.

ಎರಿ ಮಣ್ಣಿಗೆ ಉಸುಕು ಕೂಡಿಸಿದರೆ ಹಗುರ ಆಗೂದಿಲ್ಲೇನು?

ಒಂದೆರಡು ಬುಟ್ಟಿ ಉಸುಕಿನಿಂದ ಆಗುವುದಿಲ್ಲ. ಜಿಗುಟು ಮಣ್ಣಿಗೆ ಸ್ವಲ್ಪವೇ ಉಸುಕು ಬಿದ್ದರೆ ಒಣಗಿದ ಮೇಲೆ ಇನ್ನೂ ಗಟ್ಟಿಯಾಗುತ್ತದೆ. ಪರಿಣಾಮ ಕಾಣಬೇಕೆಂದರೆ ಮಣ್ಣಿನ ಅರ್ಧದಷ್ಟು ಉಸುಕು ಬೇಕು. ಆ ಖರ್ಚಿಗೆ ಗೊಬ್ಬರ ತನ್ನಿ. ವರ್ಷಕ್ಕೆರಡು ಸಲ, ರೋಹಿಣಿ ಮಳೆಗೆ ಮುಂಚೆ ಒಮ್ಮೆ, ದಸರೆ ಹೊತ್ತಿಗೆ ಒಮ್ಮೆ, ಚದರ ಮೀಟರಿಗೆ 4ರಿಂದ 5 ಕೆಜಿ ಕಳಿತ ಗೊಬ್ಬರ ಮೇಲ್ಮಣ್ಣಿಗೆ ಸೇರಿಸಿದರೆ ಎರಡು ಮೂರು ವರ್ಷದಲ್ಲಿ ಖುರ್ಪಿ ಸಲೀಸಾಗಿ ಇಳಿಯುತ್ತದೆ. ಹಸಿ ಎರಿಯನ್ನು ಮಾತ್ರ ಯಾವತ್ತೂ ಅಗೆಯಬೇಡಿ, ತುಳಿಯಬೇಡಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಬೆರಳು ತಾಗಿಸಿದರೆ ಒಡೆಯಬೇಕು, ಅದೇ ಹದ.

ಜಿಪ್ಸಂ ಹಾಕಿದರೆ ಮಣ್ಣು ಸರಿಯಾಗುತ್ತದೆ ಎನ್ನುತ್ತಾರಲ್ಲ?

ಸೋಡಿಯಂ ಹೆಚ್ಚಿರುವ ಕರಲು ಮಣ್ಣಿಗೆ ಅದು ಮದ್ದು. ನವಲಗುಂದ, ನರಗುಂದ, ರೋಣದ ನೀರಾವರಿ ಜಾಗಗಳಲ್ಲಿ ಅಂಥ ಮಣ್ಣು ಸಿಗುತ್ತದೆ. ಬರೀ ಸುಣ್ಣದ ಅಂಶವಿರುವ ಮಣ್ಣಿನ ರಸಸಾರವನ್ನು ಜಿಪ್ಸಂ ಇಳಿಸುವುದಿಲ್ಲ. ನಿಮ್ಮದು ಯಾವುದೆಂದು ಕಣ್ಣಂದಾಜಿನಲ್ಲಿ ಹೇಳಲಾಗದು, ಪರೀಕ್ಷೆ ಮಾಡಿಸಿ. ಹಿತ್ತಲಿನ ಐದಾರು ಕಡೆ ಮೇಲಿನ ಕಸ ಸರಿಸಿ, 15 ಸೆಂ.ಮೀ. ಆಳಕ್ಕೆ ಇಳಿಜಾರು ಗುಂಡಿ ತೆಗೆದು ಅದರ ಬದಿಯ ಮಣ್ಣನ್ನು ತೆಳುವಾಗಿ ಕೆರೆದು ತೆಗೆಯಿರಿ. ಎಲ್ಲ ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕೆಜಿ ಕಟ್ಟಿಕೊಂಡು ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಕೊಡಿ. ಧಾರವಾಡದವರಿಗೆ ಸೈದಾಪುರ, ಗದಗಿನವರಿಗೆ ಹುಲಕೋಟಿ, ಹಾವೇರಿಯವರಿಗೆ ಹನುಮನಮಟ್ಟಿ. ಗೊಬ್ಬರ ಹಾಕಿದ ತಿಂಗಳೊಳಗೆ ಮಣ್ಣು ತೆಗೆಯಬೇಡಿ, ಲೆಕ್ಕ ತಪ್ಪುತ್ತದೆ.

ಕುಂಡಕ್ಕೆ ಯಾವ ಮಣ್ಣು? ಎಷ್ಟು ದೊಡ್ಡ ಕುಂಡ?

ಕುಂಡಕ್ಕೆ ಎರಿ ಮಣ್ಣು ಬೇಡವೇ ಬೇಡ. ಮಸಾರಿ ಎರಡು ಪಾಲು, ಕಳಿತ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, 12 ಇಂಚಿನ ಕುಂಡಕ್ಕೆ ಒಂದು ಮುಷ್ಟಿ ಬೇವಿನ ಹಿಂಡಿ. ಧಾರವಾಡ, ಅದರ ದಕ್ಷಿಣದ ಕಲಘಟಗಿ, ಪಶ್ಚಿಮದ ಅಳ್ನಾವರ ಕಡೆ ಮಳೆ ಹೆಚ್ಚು. ಅಲ್ಲಿ ನಾರಿನ ಪುಡಿ ಅರ್ಧ ಮಾಡಿ ಉಳಿದರ್ಧಕ್ಕೆ ದಪ್ಪ ಉಸುಕು ಹಾಕಿ. ಗದಗ, ಮುಂಡರಗಿಯ ಒಣ ಗಾಳಿಗೆ ನಾರಿನ ಪುಡಿ ಪೂರ್ತಿ ಪಾಲು ಬೇಕು. ನಾರಿನ ಪುಡಿಯ ಇಟ್ಟಿಗೆಯನ್ನು ಎರಡು ಸಲ ನೀರಿನಲ್ಲಿ ನೆನೆಸಿ ಹಿಂಡಿ ಬಳಸಿ, ಅದರಲ್ಲಿ ಉಪ್ಪಿರುತ್ತದೆ.

ಸೊಪ್ಪಿಗೆ 6 ಇಂಚು ಆಳದ ಅಗಲ ಟ್ರೇ ಸಾಕು. ಮೆಣಸಿನಕಾಯಿ, ಮುಳಗಾಯಿಗೆ (ಬದನೆ) 12 ಇಂಚು. ಟೊಮೆಟೊ, ಗುಲಾಬಿಗೆ 12ರಿಂದ 14. ಲಿಂಬಿ, ಕರಿಬೇವು 12ರಲ್ಲಿ ಶುರುಮಾಡಿ ಎರಡು ವರ್ಷಕ್ಕೆ 18ಕ್ಕೆ ಬದಲಿಸಿ. ಸಣ್ಣ ಸಸಿಯನ್ನು ಒಮ್ಮೆಲೇ ದೊಡ್ಡ ಕುಂಡದಲ್ಲಿಟ್ಟರೆ ಬೇರು ತಲುಪದ ಮಣ್ಣು ಹಸಿಯಾಗೇ ಉಳಿದು ಹುಳಿಯುತ್ತದೆ. ಕುಂಡದ ತಳಕ್ಕೆ ಹೆಂಚಿನ ಚೂರು, ಜಲ್ಲಿ ತುಂಬಿಸುವ ರೂಢಿ ಬಿಡಿ. ತೂತಿನ ಮೇಲೆ ಒಂದು ಚೂರು ಸೊಳ್ಳೆ ಪರದೆ ಸಾಕು. ತೂತು ನಾಲ್ಕಾದರೂ ಇರಲಿ.

ನೀರು ದಿನಾ ಹಾಕಬೇಕೋ, ದಿನ ಬಿಟ್ಟು ದಿನವೋ?

ಬೆರಳು ಹೇಳುತ್ತದೆ, ಕ್ಯಾಲೆಂಡರ್ ಅಲ್ಲ. ಬೆರಳನ್ನು ಎರಡನೇ ಗಿಣ್ಣಿನವರೆಗೆ ಮಣ್ಣಿಗೆ ಇಳಿಸಿ. ಅಲ್ಲಿ ಒಣಗಿದ್ದರೆ ನೀರು, ತಂಪಿದ್ದರೆ ಬೇಡ. ಅಂದಾಜು ಬೇಕೆನ್ನುವವರಿಗೆ: ಎಲೆ ತುಂಬಿದ ಗಿಡವಿರುವ 12 ಇಂಚಿನ ಕುಂಡಕ್ಕೆ ಏಪ್ರಿಲ್-ಮೇನಲ್ಲಿ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್, ಚಳಿಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಅಷ್ಟೇ. ನೆಲದ ಎರಿ ಮಣ್ಣಿನಲ್ಲಿರುವ ಹಳೆಯ ಗಿಡಕ್ಕೆ ಬೇಸಿಗೆಯಲ್ಲೂ ವಾರಕ್ಕೊಮ್ಮೆ ತುಂಬ ಕೊಟ್ಟರೆ ನಡೆಯುತ್ತದೆ. ದಿನಾ ಒಂದು ಚೊಂಬು ಚಿಮುಕಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಬೇರು ಮೇಲೇ ಉಳಿದು ಬಿಸಿಲಿಗೆ ಬೇಯುತ್ತದೆ.

ನಲ್ಲಿ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಓಣಿಗಳಲ್ಲಿ ಹೊದಿಕೆಯೇ ಆಧಾರ. ಶೇಂಗಾ ಸಿಪ್ಪೆ, ಕಬ್ಬಿನ ರವದಿ, ಒಣ ಎಲೆ, ಯಾವುದಾದರೂ 5 ಸೆಂ.ಮೀ. ದಪ್ಪ ಹರಡಿ, ಕಾಂಡದಿಂದ ನಾಲ್ಕು ಬೆರಳು ದೂರ ಇರಲಿ. ಮಸಾರಿ ನೆಲದಲ್ಲಿ ಗೆದ್ದಲು ಕಾಟವಿದ್ದರೆ ಹೊದಿಕೆಯ ಕೆಳಗೆ ಬೇವಿನ ಹಿಂಡಿ ಉದುರಿಸಿ.

ಬೋರ್ ನೀರು ಹಾಕಿದಾಗಿನಿಂದ ಎಲೆ ಅಂಚು ಸುಟ್ಟಂತಾಗಿದೆ. ಕುಂಡದ ಮೇಲೆ ಬಿಳಿ ಪದರವೂ ಇದೆ.

ಎರಡಕ್ಕೂ ನೀರಿನ ಉಪ್ಪೇ ಕಾರಣ. ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪಿನ ಅಳತೆ, ಲೀಟರಿಗೆ ಮಿ.ಗ್ರಾಂ) 500ರೊಳಗಿದ್ದರೆ ಎಲ್ಲ ಗಿಡಕ್ಕೂ ಸರಿ. 500ರಿಂದ 1000ದವರೆಗೆ ಎಚ್ಚರಿಕೆಯಿಂದ ಬಳಸಬಹುದು. 1500 ದಾಟಿದರೆ ಗುಲಾಬಿ, ಲಿಂಬಿ ಸೋಲುತ್ತವೆ. ಬೋಗನ್‌ವಿಲ್ಲಾ, ಕಣಗಿಲ, ನುಗ್ಗೆ ತಡೆಯುತ್ತವೆ. ಅಂಥ ನೀರನ್ನೇ ಹಾಕಬೇಕಾದರೆ ಪ್ರತಿ ಸಲ ತಳದ ತೂತಿನಿಂದ ಐದನೇ ಒಂದು ಪಾಲು ಹೊರಬರುವಷ್ಟು ಹಾಕಿ, ಉಪ್ಪು ತೊಳೆದುಹೋಗಲಿ. ಮೊದಲ ಮುಂಗಾರಿ ಮಳೆಗೆ ಕುಂಡಗಳನ್ನು ಬಯಲಿಗೆ ಇಡಿ. ಆರ್‌ಒ ಯಂತ್ರ ಬಿಟ್ಟ ನೀರಿನಲ್ಲಿ ಉಪ್ಪು ಸಾಂದ್ರವಾಗಿರುತ್ತದೆ, ಅದು ನೆಲ ಒರೆಸಲಿಕ್ಕೆ ಒಳ್ಳೆಯದು, ಗಿಡಕ್ಕಲ್ಲ.

ತಿಪ್ಪೆಗೊಬ್ಬರ ತಂದು ಹಾಕಿದೆವು, ಗಿಡವೇ ಸತ್ತಿತು. ಯಾಕೆ?

ಗೊಬ್ಬರ ಕಳಿತಿರಲಿಲ್ಲ. ಹಸಿ ಸಗಣಿಯಿಂದ ಹೊರಡುವ ಕಾವು, ಅಮೋನಿಯಾ ಎಳೆ ಬೇರನ್ನು ಸುಡುತ್ತವೆ. ಇನ್ನೊಂದು, ಅರ್ಧ ಕಳಿತ ಗೊಬ್ಬರದ ಜೊತೆ ಬೆಳ್ಳಗೆ, ಬಾಗಿದ ಗೊಣ್ಣೆಹುಳು ಬರುತ್ತವೆ. ಕುಂಡದೊಳಗೆ ತಿನ್ನಲು ಬೇರೇನೂ ಇಲ್ಲದಾಗ ಬೇರಿಗೆ ಬಾಯಿ ಹಾಕುತ್ತವೆ. ಕಳಿತ ಗೊಬ್ಬರ ಕಪ್ಪಗೆ, ಪುಡಿಪುಡಿಯಾಗಿ, ಮಳೆ ಬಿದ್ದ ಮಣ್ಣಿನ ವಾಸನೆ ಬರುತ್ತದೆ. ಒಳಗೆ ಕೈ ಹಾಕಿದರೆ ಬಿಸಿ ಇರಬಾರದು, ಹುಲ್ಲಿನ ಎಳೆ ಗುರುತು ಸಿಗಬಾರದು. ಚೀಲ ತಂದ ಕೂಡಲೇ ಹಾಳೆಯ ಮೇಲೆ ಹರಡಿ ಹುಳು ಆರಿಸಿ. 10 ಕೆಜಿಗೆ 100 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರ ತಡೆಯುವ ಉಪಕಾರಿ ಶಿಲೀಂಧ್ರದ ಪುಡಿ) ಬೆರೆಸಿ, ನೀರು ಚಿಮುಕಿಸಿ, ಗೋಣಿಚೀಲ ಮುಚ್ಚಿ ನೆರಳಿನಲ್ಲಿ 15 ದಿನ ಇಟ್ಟರೆ ಬೇರು ಕೊಳೆ ತಡೆಯುವ ಗೊಬ್ಬರವೂ ಆಗುತ್ತದೆ.

ಅಡುಗೆಮನೆಯ ಹಸಿ ಕಸದಿಂದ ಮಾಡುವವರು ಒಂದು ಬುಟ್ಟಿ ಹಸಿಗೆ ಎರಡು ಬುಟ್ಟಿ ಒಣ ಎಲೆ ಸೇರಿಸಿ, ವಾರಕ್ಕೊಮ್ಮೆ ತಿರುವಿ. ಎರಡರಿಂದ ಮೂರು ತಿಂಗಳು ಬೇಕು. ಗಬ್ಬು ವಾಸನೆ ಬಂದರೆ ಒಣದ್ದು ಕಡಿಮೆಯಾಗಿದೆ. ಕಸ ಇದ್ದಂತೇ ಇದ್ದರೆ ನೀರು ಕಡಿಮೆಯಾಗಿದೆ.

ಮೊಟ್ಟೆ ಸಿಪ್ಪೆ, ಚಹಾಪುಡಿ, ಬಾಳೆಹಣ್ಣಿನ ಸಿಪ್ಪೆ?

ಗೊಬ್ಬರದ ಬುಟ್ಟಿಗೆ ಹಾಕಿ, ಗಿಡದ ಬುಡಕ್ಕೆ ಬೇಡ. ಮೊಟ್ಟೆ ಸಿಪ್ಪೆ ಕ್ಯಾಲ್ಸಿಯಂ ಕೊಡುತ್ತದೆ ನಿಜ, ಆದರೆ ನಮ್ಮ ಮಣ್ಣಿನಲ್ಲಿ ಹೆಚ್ಚಾಗಿರುವುದೇ ಅದು. ಹಾಲು-ಸಕ್ಕರೆ ಹತ್ತಿದ ಚಹಾಪುಡಿ ಇರುವೆಯನ್ನು ಕರೆಯುತ್ತದೆ, ಇರುವೆ ಹಿಟ್ಟು ತಿಗಣೆಯನ್ನು (ಗಿಡದ ರಸ ಹೀರುವ ಬಿಳಿ ಕೀಟ) ಕಾಯುತ್ತದೆ.

ಅಂಗಡಿ ಗೊಬ್ಬರ ಹಾಕಬಾರದೇ?

ಹಾಕಬಹುದು, ಪ್ರಮಾಣ ಮೀರಬಾರದು. ಕುಂಡದ ಗಿಡಕ್ಕೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು) ಗೊಬ್ಬರ 1 ಲೀಟರ್ ನೀರಿಗೆ 2 ಗ್ರಾಂ, 15 ದಿನಕ್ಕೊಮ್ಮೆ, ಮಣ್ಣು ಹಸಿಯಿರುವಾಗ. ಒಣ ಮಣ್ಣಿಗೆ ಹಾಕಿದರೆ ಬೇರು ಸುಡುತ್ತದೆ. ಹೂವು ಬೇಕೆಂದು ಯೂರಿಯಾ ಹಾಕುವವರಿದ್ದಾರೆ. ಅದರಿಂದ ಎಲೆ ಹುಲುಸಾಗುತ್ತದೆ, ಸಸ್ಯಹೇನು ಬರುತ್ತದೆ, ಹೂವು ಬರುವುದಿಲ್ಲ.

ನರ್ಸರಿಯಿಂದ ತಂದ ಗುಲಾಬಿ ತಿಂಗಳೊಳಗೆ ಒಣಗುತ್ತದೆ. ಪ್ರತಿ ವರ್ಷ ಇದೇ ಕಥೆ.

ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುವ ಗಿಡಗಳಲ್ಲಿ ಬಹಳಷ್ಟು ಗಟ್ಟಿ ಜೇಡಿಮಣ್ಣಿನ ಉಂಡೆಯಲ್ಲಿರುತ್ತವೆ. ಹಗುರ ಮಿಶ್ರಣದ ಕುಂಡದಲ್ಲಿ ಆ ಉಂಡೆಯನ್ನು ಹಾಗೇ ಇಟ್ಟರೆ, ನೀರು ಸುತ್ತಲಿನ ಸಡಿಲ ಮಣ್ಣಿನಲ್ಲಿ ಇಳಿದುಹೋಗುತ್ತದೆ, ಉಂಡೆ ಒಳಗೊಳಗೇ ಕಲ್ಲಾಗುತ್ತದೆ. ಮೇಲೆ ಹಸಿ, ಬೇರು ಒಣ. ಮನೆಗೆ ತಂದ ಗಿಡವನ್ನು ವಾರ ನೆರಳಿನಲ್ಲಿಡಿ. ಆಮೇಲೆ ಉಂಡೆಯನ್ನು ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಇಟ್ಟು, ಹೊರಗಿನ ಜೇಡಿಯನ್ನು ಬೆರಳಿನಿಂದ ಮೂರನೇ ಒಂದು ಪಾಲಿನಷ್ಟು ಕರಗಿಸಿ ನೆಡಿ. ಬೇರು ಪೂರ್ತಿ ಬರಿದು ಮಾಡಬೇಡಿ. ಇದ್ದ ಹೂ, ಮೊಗ್ಗು ಕತ್ತರಿಸಿಬಿಡಿ, ಕರುಣೆ ಬೇಡ. ಕಸಿಯ ಗಂಟು ಮಣ್ಣಿನಿಂದ ಎರಡು ಇಂಚು ಮೇಲಿರಲಿ. ಗಂಟಿನ ಕೆಳಗಿನಿಂದ ಏಳುವ ಚಿಗುರನ್ನು ಬುಡದಿಂದಲೇ ಕೀಳಿ, ಅದು ಕಾಡು ಗುಲಾಬಿ.

ತಂದು ನೆಡಲು ಒಳ್ಳೆಯ ಕಾಲ ಜೂನ್ ಕೊನೆಯಿಂದ ಸಪ್ಟೆಂಬರ್. ಮಾರ್ಚ್‌ನಲ್ಲಿ ಹೂ ನೋಡಿ ಮನಸೋತು ತಂದ ಗಿಡಗಳಲ್ಲಿ ಉಳಿಯುವುದು ಕಡಿಮೆ.

ಯಾವ ಗಿಡವನ್ನು ಯಾವಾಗ ಸವರಬೇಕು?

ಗುಲಾಬಿಯನ್ನು ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್‌ನಲ್ಲಿ. ಒಣ ಟೊಂಗೆ, ಒಳಮುಖ ಬೆಳೆದ ಟೊಂಗೆ ತೆಗೆದು, ಉಳಿದವನ್ನು ಅರ್ಧಕ್ಕೆ, ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿ. ಸುಮಾರು 45 ದಿನಕ್ಕೆ ಹೂ. ತುದಿಯಿಂದ ಕಪ್ಪಾಗಿ ಒಣಗುತ್ತ ಇಳಿಯುವ ರೋಗವಿದ್ದರೆ ಹಸಿರು ಭಾಗದಲ್ಲಿ ಒಂದು ಇಂಚು ಒಳಗೆ ಕತ್ತರಿಸಿ, ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಕಲಸಿ ಹಚ್ಚಿ. ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಸ್ಪಿರಿಟ್‌ನಲ್ಲಿ ಒರೆಸಿ.

ದುಂಡು ಮಲ್ಲಿಗೆಗೆ ಡಿಸೆಂಬರ್‌ನಲ್ಲಿ ಹತ್ತು ಹದಿನೈದು ದಿನ ನೀರು ನಿಲ್ಲಿಸಿ, ಎಲೆ ಉದುರಲು ಬಿಡಿ. ತಿಂಗಳ ಕೊನೆಗೆ ನೆಲದಿಂದ ಒಂದೂವರೆ ಅಡಿ ಬಿಟ್ಟು ಸವರಿ, ಗೊಬ್ಬರ ಹಾಕಿ ನೀರು ಶುರುಮಾಡಿ. ಮಾರ್ಚ್‌ನಿಂದ ಮೊಗ್ಗು. ಇಷ್ಟು ಸವರಲು ಧೈರ್ಯ ಸಾಲದೆ ತುದಿ ಮಾತ್ರ ಚಿವುಟುವವರ ಮನೆಯಲ್ಲಿ ಬಳ್ಳಿ ಇರುತ್ತದೆ, ಹೂ ಇರುವುದಿಲ್ಲ. ದಾಸವಾಳ ಫೆಬ್ರುವರಿಯಲ್ಲಿ.

ಸೇವಂತಿಗೆ ಗಿಡ ಸೊಂಪಾಗಿದೆ, ಆದರೆ ಹೂ ಇಲ್ಲ.

ರಾತ್ರಿ ಬೀದಿದೀಪವೋ ಗೇಟಿನ ದೀಪವೋ ಅದರ ಮೇಲೆ ಬೀಳುತ್ತಿದೆಯೇ ನೋಡಿ. ಸೇವಂತಿಗೆಗೆ ಹಗಲು ಗಿಡ್ಡದಾಗಿ, ಕತ್ತಲೆ ಉದ್ದವಾದಾಗಲೇ ಮೊಗ್ಗು. ನಡುರಾತ್ರಿ ಬೆಳಕು ಬಿದ್ದರೆ ಅದು ಎಲೆ ಬಿಡುತ್ತಲೇ ಹೋಗುತ್ತದೆ. ಜಾಗ ಬದಲಿಸಿ. ಕುಡಿ ಚಿವುಟುವ ಕೆಲಸವೂ ಆಗಸ್ಟ್ ಮುಗಿಯುವುದರೊಳಗೆ ನಿಲ್ಲಬೇಕು.

ಚೆಂಡು ಹೂವಿಗೆ ಈ ಕಟ್ಟಳೆಯಿಲ್ಲ. ಹಬ್ಬದಿಂದ ಹಿಂದಕ್ಕೆ 90 ದಿನ ಎಣಿಸಿ ಬೀಜ ಹಾಕಿ. 25 ದಿನದ ಸಸಿ ಕಿತ್ತು ನೆಟ್ಟು, ಮತ್ತೆ ತಿಂಗಳಿಗೆ ತುದಿ ಚಿವುಟಿ.

ತುಳಸಿ ಪದೇ ಪದೇ ಸಾಯುತ್ತದೆ. ಮನೆಯಲ್ಲಿ ಎಲ್ಲರಿಗೂ ಚಿಂತೆ.

ಅಪಶಕುನವಲ್ಲ, ಕಟ್ಟೆಯ ಕಟ್ಟೋಣ. ಸಿಮೆಂಟು ಕಟ್ಟೆಗಳಲ್ಲಿ ನೀರು ಹೋಗಲು ತೂತೇ ಇರುವುದಿಲ್ಲ, ಇದ್ದರೂ ಮುಚ್ಚಿರುತ್ತದೆ. ದಿನಾ ಬೆಳಗ್ಗೆ ಚೊಂಬು ನೀರು, ಆಗಾಗ ಹಾಲು, ಮೇಲೆ ಅರಿಷಿಣ-ಕುಂಕುಮ. ವರ್ಷಗಟ್ಟಲೆ ಬದಲಿಸದ ಮಣ್ಣು. ತಳದಲ್ಲಿ ತೂತು ಕೊರೆಸಿ, ಮಣ್ಣು ಪೂರ್ತಿ ತೆಗೆದು ಕುಂಡದ ಮಿಶ್ರಣ ತುಂಬಿ. ಪೂಜೆಯ ನೀರು ಉದ್ಧರಣೆಯಷ್ಟಿರಲಿ. ತೆನೆ ಮೂಡಿದ ಹಾಗೆ ಚಿವುಟುತ್ತಿರಬೇಕು. ಬೀಜ ಕಟ್ಟಲು ಬಿಟ್ಟರೆ ಗಿಡ ಆಯುಸ್ಸು ಮುಗಿಸುತ್ತದೆ. ಎಲೆ ಮುದುಡಿ, ಅಡಿಯಲ್ಲಿ ಕಪ್ಪು ಚುಕ್ಕೆ ಮತ್ತು ಕಣ್ಣಿಗೆ ಕಂಡೂ ಕಾಣದ ಕಂದು ಕೀಟಗಳಿದ್ದರೆ ಅದು ಜಾಲ ತಿಗಣೆ. ಹಾಳಾದ ಕುಡಿ ಕತ್ತರಿಸಿ, ಬೇವಿನ ಎಣ್ಣೆ ಹೊಡೆದು, ವಾರ ಕಳೆದು ಮತ್ತೆ ಹೊಡೆಯಿರಿ. ಡಿಸೆಂಬರ್-ಜನವರಿ ಚಳಿಗೆ ಎಲೆ ಉದುರುವುದು ಸಹಜ. ಕಾಂಡ ಕೆರೆದಾಗ ಹಸಿರಿದ್ದರೆ ಕೀಳಬೇಡಿ.

ಕರಿಬೇವು ಎರಡು ವರ್ಷವಾದರೂ ಎದ್ದಿಲ್ಲ.

ಮೊದಲೆರಡು ವರ್ಷ ಅದು ಬೇರಿಗೇ ಬೆಳೆಯುವುದು. ಒಂದೊಂದೇ ಎಲೆ ಕೀಳಬೇಡಿ. ಗಿಡ ಎರಡಡಿಯಾದಾಗ ತುದಿ ಕತ್ತರಿಸಿ, ಆಮೇಲೆ ಅಡುಗೆಗೆ ಬೇಕಾದಾಗಲೆಲ್ಲ ಕುಡಿಯನ್ನೇ ಮುರಿಯಿರಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಕೊಟ್ಟ ಡಿಡಬ್ಲ್ಯುಡಿ-1 ತಳಿಗೆ ಘಮ ಹೆಚ್ಚು, ಆದರೆ ಚಳಿಗೆ ಚಿಗುರು ನಿಲ್ಲಿಸುತ್ತದೆ. ಡಿಡಬ್ಲ್ಯುಡಿ-2 ಚಳಿ ತಡೆಯುತ್ತದೆ. ಹಕ್ಕಿ ಹಿಕ್ಕೆಯಂತೆ ಕಾಣುವ ಹುಳು ಎಲೆ ಮೇಲಿದ್ದರೆ ಅದು ಲಿಂಬಿ ಚಿಟ್ಟೆಯ ಮರಿ. ಬಲಿತಾಗ ಹಸಿರಾಗುತ್ತದೆ. ಕೈಯಿಂದ ಆರಿಸಿ, ಔಷಧ ಬೇಡ.

ಲಿಂಬಿ ಗಿಡ ಕಾಯಿ ಬಿಡುತ್ತಿಲ್ಲ.

ಬೀಜದ ಗಿಡವಾದರೆ ಐದಾರು ವರ್ಷ ಕಾಯಬೇಕು, ಕಸಿಯದ್ದು ಮೂರು. ದಿನಕ್ಕೆ 6 ತಾಸು ಬಿಸಿಲಿಲ್ಲದಿದ್ದರೆ ಎಷ್ಟು ವರ್ಷವಾದರೂ ಅಷ್ಟೇ. ಎಲೆ ಮೇಲೆ ಬೆಳ್ಳಿಗೆರೆ ಎಳೆದಂತೆ ಕಂಡರೆ ರಂಗೋಲಿ ಹುಳು. ಚಿಗುರು ಕಡ್ಡಿಯಷ್ಟಿರುವಾಗಲೇ ಬೇವಿನ ಎಣ್ಣೆ ಹೊಡೆದರೆ ತಡೆಯಬಹುದು, ಗೆರೆ ಮೂಡಿದ ಮೇಲಲ್ಲ.

ಮೆಣಸಿನ ಗಿಡದ ಎಲೆ ಮುಟುರಿಕೊಂಡಿದೆ.

ಬ್ಯಾಡಗಿ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ, ಪೇಟೆಯವರಿಗಾಗಿ ಬರೆಯುತ್ತಿದ್ದೇವೆ. ಎಲೆಯ ಅಂಚು ಮೇಲ್ಮುಖವಾಗಿ ದೋಣಿಯಂತೆ ಮಡಚಿದ್ದರೆ ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ). ಕೆಳಮುಖವಾಗಿ ಮಡಚಿ, ತೊಟ್ಟು ಉದ್ದವಾಗಿದ್ದರೆ ನುಸಿ. ಎಲೆ ಸಣ್ಣದಾಗಿ ಗೊಂಚಲುಗಟ್ಟಿ ಗಿಡ ಕುಳ್ಳಾಗಿದ್ದರೆ ನಂಜಾಣು ರೋಗ. ಅದಕ್ಕೆ ಮದ್ದಿಲ್ಲ, ಕಿತ್ತು ಚೀಲದಲ್ಲಿ ಕಟ್ಟಿ ಎಸೆಯಿರಿ.

ಥ್ರಿಪ್ಸ್‌ಗೆ ನೀಲಿ ಅಂಟು ಹಾಳೆ, ಜೊತೆಗೆ ಬೇವು. ಅಂಗಡಿಯ ಬೇವಿನ ಔಷಧ 1500 ಪಿಪಿಎಂ ಆದರೆ ಲೀಟರಿಗೆ 5 ಮಿ.ಲೀ., 10,000 ಪಿಪಿಎಂ ಆದರೆ 1ರಿಂದ 2 ಮಿ.ಲೀ. ಮನೆಯಲ್ಲೇ ಮಾಡುವವರು 50 ಗ್ರಾಂ ಬೇವಿನ ಬೀಜದ ತಿರುಳು ಕುಟ್ಟಿ, ಬಟ್ಟೆಯಲ್ಲಿ ಕಟ್ಟಿ 1 ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಹಿಂಡಿ, ಸೋಸಿ, ಚಿಟಿಕೆ ಸೋಪಿನ ಪುಡಿ ಬೆರೆಸಿ ಅಂದೇ ಹೊಡೆಯಿರಿ. ಎಲೆಯ ಅಡಿಭಾಗ ತೊಯ್ಯಬೇಕು.

ನುಸಿಗೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ 3 ಗ್ರಾಂ. ಬಿಸಿಲು 32 ಡಿಗ್ರಿ ದಾಟಿದ ದಿನ ಬೇಡ; ಎಣ್ಣೆ ಹೊಡೆದು ಎರಡು ವಾರವಾಗದೆ ಬೇಡ; ಎಣ್ಣೆ, ಗಂಧಕ ಎರಡೂ ಸೇರಿದರೆ ಎಲೆ ಸುಡುತ್ತದೆ. ಹೊಲಕ್ಕೆಂದು ತಂದ ಹತ್ತಿಯ ಔಷಧವನ್ನು ಅಡುಗೆಯ ಗಿಡಕ್ಕೆ ಹೊಡೆಯುವ ಚಟ ಬಿಡಿ. ಮೊನೊಕ್ರೊಟೊಫಾಸನ್ನು ತರಕಾರಿಗೆ ಬಳಸುವುದಕ್ಕೆ ಸರ್ಕಾರದ ನಿಷೇಧವೇ ಇದೆ. ಸೈಪರ್‌ಮೆಥ್ರಿನ್‌ನಂಥವು ನುಸಿಯನ್ನು ತಿನ್ನುವ ಕೀಟಗಳನ್ನೂ ಕೊಂದು, ನುಸಿಯನ್ನು ಇನ್ನಷ್ಟು ಹೆಚ್ಚಿಸುತ್ತವೆ.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಕೊಳೆಯುತ್ತದೆ.

ಕಾಯಿಗೆ ಕ್ಯಾಲ್ಸಿಯಂ ತಲುಪಿಲ್ಲ. ಮಣ್ಣಿನಲ್ಲಿ ಬೇಕಾದಷ್ಟಿದೆ, ಆದರೆ ಅದು ನೀರಿನ ಜೊತೆಗೇ ಸಾಗಬೇಕು. ಎರಡು ದಿನ ಒಣಗಿಸಿ ಮೂರನೇ ದಿನ ಮುಳುಗಿಸಿದರೆ ಹೀಗೇ ಆಗುವುದು. ನೀರು ಒಂದೇ ಸಮ ಕೊಡಿ, ಹೊದಿಕೆ ಹಾಕಿ, ಯೂರಿಯಾ ನಿಲ್ಲಿಸಿ. ಮುಂದಿನ ಕಾಯಿ ಸರಿ ಬರುತ್ತದೆ.

ದಾಸವಾಳಕ್ಕೆ ಬಿಳಿ ಹಿಟ್ಟು ಮೆತ್ತಿಕೊಂಡಿದೆ.

ಹಿಟ್ಟು ತಿಗಣೆ. ಮೈಮೇಲೆ ಮೇಣದ ಹೊದಿಕೆ ಇರುವುದರಿಂದ ಔಷಧ ಒಳಗಿಳಿಯುವುದಿಲ್ಲ. ಹೆಚ್ಚು ಮೆತ್ತಿದ ಕುಡಿ ಕತ್ತರಿಸಿ ಸುಡಿ. ಉಳಿದದ್ದನ್ನು ಪೈಪಿನ ನೀರಿನಿಂದ ಜೋರಾಗಿ ತೊಳೆದು, ಮರುದಿನ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, 2 ಮಿ.ಲೀ. ದ್ರವ ಸೋಪು ಬೆರೆಸಿ ಸಂಜೆ ಹೊಡೆಯಿರಿ. ವಾರಕ್ಕೊಮ್ಮೆಯಂತೆ ಮೂರು ಸಲ. ಒಂದೇ ಸಲಕ್ಕೆ ನಿಲ್ಲಿಸಿದರೆ ಮೊಟ್ಟೆ ಒಡೆದು ಮತ್ತೆ ಬರುತ್ತವೆ. ಕಾಂಡದ ಮೇಲೆ ಇರುವೆ ಸಾಲು ಇರುವತನಕ ಇದು ಮುಗಿಯುವುದಿಲ್ಲ. ಇರುವೆ ಗೂಡು ಹುಡುಕಿ ಕುದಿನೀರು ಹಾಕಿ, ಗಿಡದ ಬೇರಿಗೆ ತಾಗದಂತೆ.

ಎಲೆ ಮೇಲೆ ಬೂದಿ ಎರಚಿದಂತಿದೆ.

ಬೂದಿ ರೋಗ. ನವೆಂಬರ್‌ನಿಂದ ಫೆಬ್ರುವರಿ, ಹಗಲು ಒಣ ರಾತ್ರಿ ಇಬ್ಬನಿ ಇದ್ದಾಗ. ಮೇಲೆ ಹೇಳಿದ ಗಂಧಕವೇ ಸಾಕು, ಸೌತೆ-ಹೀರೆ ಬಳ್ಳಿಗೆ ಮಾತ್ರ 2 ಗ್ರಾಂಗೆ ಇಳಿಸಿ.

ಮಳೆಗಾಲದಲ್ಲಿ ಬಸವನಹುಳು ರಾತ್ರೋರಾತ್ರಿ ಸಸಿ ತಿಂದುಹಾಕುತ್ತವೆ.

ಒದ್ದೆ ಗೋಣಿಚೀಲವನ್ನು ಸಂಜೆ ಪಾತಿಯ ಬದಿ ಹಾಸಿ, ಕೆಳಗೆ ಎಲೆಕೋಸಿನ ಎಲೆಯೋ ಪಪ್ಪಾಯಿ ಸಿಪ್ಪೆಯೋ ಇಡಿ. ಬೆಳಗ್ಗೆ ಎತ್ತಿದರೆ ಅಡಿಯಲ್ಲೇ ಇರುತ್ತವೆ. ಕೈಗವಸು ಹಾಕಿಕೊಂಡು ಆರಿಸಿ ಉಪ್ಪು ನೀರಿಗೆ ಹಾಕಿ. ಪಾತಿಗೆ ಉಪ್ಪು ಎರಚಬೇಡಿ, ಹುಳುವಿನ ಜೊತೆ ಮಣ್ಣೂ ಕೆಡುತ್ತದೆ. ಮೆಟಾಲ್ಡಿಹೈಡ್ ಗುಳಿಗೆ ನಾಯಿಗೆ ವಿಷ. ಸಾಕಿದವರ ಮನೆಗೆ ಬೇಡವೇ ಬೇಡ.

ಹೊಸಬರು ಯಾವುದರಿಂದ ಶುರುಮಾಡಬೇಕು?

ಪುಂಡಿ ಪಲ್ಯದಿಂದ. ಎರಿಯಾಗಲಿ ಮಸಾರಿಯಾಗಲಿ, ಮೃಗಶಿರಾ ಮಳೆಗೆ ಬೀಜ ಚೆಲ್ಲಿದರೆ ತಿಂಗಳೊಪ್ಪತ್ತಿಗೆ ಕೊಯ್ಲು, ಚಿವುಟಿದಷ್ಟೂ ಚಿಗುರು. ರಾಜಗಿರಿಯೂ ಸುಲಭ. ಮೆಂತೆ, ಕೊತ್ತಂಬರಿ, ಸಬ್ಬಸಿಗೆಗೆ ಅಕ್ಟೋಬರ್‌ನಿಂದ ಜನವರಿ. ಬೇಸಿಗೆಯಲ್ಲಿ ಎಲೆಗಿಂತ ಮೊದಲು ಹೂ ಬರುತ್ತದೆ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ, ಮೊಳೆಯಲು 8ರಿಂದ 12 ದಿನ. ಬೆಂಡೆ ಜೂನ್‌ನಲ್ಲಿ ಮತ್ತು ಫೆಬ್ರುವರಿಯಲ್ಲಿ. ಹೀರೆ, ಹಾಗಲ ಜೂನ್‌ನಲ್ಲಿ ಮತ್ತು ಜನವರಿಯಲ್ಲಿ. ಟೊಮೆಟೊ, ಮುಳಗಾಯಿ ಸಸಿಯನ್ನು ಸಪ್ಟೆಂಬರ್‌ನಲ್ಲಿ ಮಾಡಿಕೊಂಡರೆ ರೋಗದ ಕಾಟ ಕಡಿಮೆ.

ಸವಣೂರಿನ ಹಾಗೆ ಎಲೆಬಳ್ಳಿ (ವೀಳ್ಯದೆಲೆ) ಬೇಕೆನ್ನುವವರು ನುಗ್ಗೆ ಅಥವಾ ಚೊಗಚಿ ಗಿಡದ ನೆರಳಿಗೆ ಮೂರು ಗಿಣ್ಣಿನ ತುಂಡು ನೆಡಬಹುದು. ತಂಪು ಬೇಕು, ನಿಂತ ನೀರು ಬೇಡ. ಬುಡ ಕೊಳೆ ಬಂದರೆ ಬಳ್ಳಿ ವಾರದಲ್ಲಿ ಹೋಗುತ್ತದೆ.

ತಾರಸಿಯ ಗಿಡಗಳನ್ನು ಏಪ್ರಿಲ್-ಮೇ ದಾಟಿಸುವುದು ಹೇಗೆ?

ಶೇ 50 ನೆರಳು ಬಲೆ, ತಲೆಗಿಂತ ಎರಡಡಿ ಎತ್ತರಕ್ಕೆ, ನೈಋತ್ಯದ ಗಾಳಿಗೆ ಹಾರದಂತೆ ಬಿಗಿಯಾಗಿ. ಕುಂಡಗಳನ್ನು ಒತ್ತಾಗಿ ಗುಂಪುಮಾಡಿ, ಚಿಕ್ಕವು ನಡುವೆ, ದೊಡ್ಡವು ಸುತ್ತ. ಕಾದ ಸ್ಲ್ಯಾಬಿನ ಮೇಲೆ ನೇರ ಇಡದೆ ಇಟ್ಟಿಗೆ ಮೇಲಿಡಿ. ಕಪ್ಪು ಪ್ಲಾಸ್ಟಿಕ್ ಕುಂಡಕ್ಕೆ ಗೋಣಿ ಸುತ್ತಿ. ನೀರು ಬೆಳಗ್ಗೆ 7ರೊಳಗೆ. ಮಧ್ಯಾಹ್ನ ಎಲೆ ಬಾಡಿ ಸಂಜೆ ತಾನೇ ಎದ್ದರೆ ಗಾಬರಿ ಬೇಡ. ಬೆಳಗ್ಗೆಯೂ ಬಾಡಿದ್ದರೆ ಮಾತ್ರ ನೀರಿನ ಕೊರತೆ.

ಭಾರದ ಲೆಕ್ಕವೂ ಇರಲಿ. ಒದ್ದೆ ಮಣ್ಣಿನ 20 ಲೀಟರ್ ಕುಂಡ 25ರಿಂದ 30 ಕೆಜಿ ತೂಗುತ್ತದೆ. ದೊಡ್ಡವನ್ನು ನಡುವೆ ಇಡಬೇಡಿ, ತೊಲೆ-ಕಂಬದ ಮೇಲೆ ಬರುವಂತೆ ಅಂಚಿಗೆ ಇಡಿ.

ಯಾವುದಕ್ಕೂ ಬಗ್ಗದ ರೋಗವಿದ್ದರೆ ಯಾರಿಗೆ ತೋರಿಸಬೇಕು?

ಮೇಲೆ ಹೇಳಿದ ಕೃಷಿ ವಿಜ್ಞಾನ ಕೇಂದ್ರಗಳಿಗೆ, ಅಥವಾ ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ. ಒಣಗಿದ ಒಂದು ಎಲೆ ಒಯ್ದರೆ ಯಾರಿಗೂ ತಿಳಿಯುವುದಿಲ್ಲ. ರೋಗ ಶುರುವಾಗುತ್ತಿರುವ ಎಲೆ, ಪೂರ್ತಿ ಹಿಡಿದ ಎಲೆ, ಚೆನ್ನಾಗಿರುವ ಎಲೆ, ಸಾಧ್ಯವಾದರೆ ಬೇರು ಸಮೇತ ಸಣ್ಣ ಗಿಡ ಒಯ್ಯಿರಿ. ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್‌ನಲ್ಲಲ್ಲ. ಕಳೆದ ತಿಂಗಳಲ್ಲಿ ಏನೇನು ಹಾಕಿದಿರಿ, ಹೊಡೆದಿರಿ, ನೀರು ಎಲ್ಲಿಯದು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅಲ್ಲಿ ಕೇಳುವ ಮೊದಲ ಪ್ರಶ್ನೆಗಳು ಅವೇ.